ಉಣ್ಣದ ಮೀನು

ಸ್ಮರಣ ಸಂಚಿಕೆಗೆ ಏನಾದರೊಂದನ್ನು ಬರೆದುಕೊಡಲೇಬೇಕೆಂದು ಸಂಪಾದಕ ಮಿತ್ರರು ಒತ್ತಾಯಪಡಿಸಿದಾಗ ನನಗೆ ಬಹಳ ಸಂಕೋಚವಾಯಿತು. ಪೂಜ್ಯ ಹಿರಿಯ ಶ್ರೀಗಳವರ ಕೃಪೆಯನ್ನೂ ನಮ್ಮ ಸಂಸ್ಥೆ ಬೆಳೆದುಬಂದ ಬಗೆಯನ್ನೂ ಕುರಿತು ನನಗಿಂತ ಹಿರಿಯರು, ಬಲ್ಲವರು ಬರೆದಿರುತ್ತಾರೆ. ಜೀವಶಾಸ್ತ್ರ ಬೋಧಿಸುವ ನನ್ನ ಪಾಲಿಗಿರುವುದು ಪ್ರಯೋಗಶಾಲೆಯ ಮೂಲೆಯಲ್ಲಿರುವ ಒಂದು ಗಾಜಿನ ತೊಟ್ಟಿ. ಅದರ ಸಂಗತಿಯನ್ನೇ ಬರೆಯುತ್ತೇನೆ, ವಾಚಕರು ಮನ್ನಿಸಬೇಕು.

2018ರ ಜೂನ್ ತಿಂಗಳಿನಲ್ಲಿ, ಶಾಲೆ ಪುನರಾರಂಭವಾದ ವಾರದಲ್ಲಿಯೇ, ಮೂರು ಅಡಿ ಉದ್ದದ ಆ ತೊಟ್ಟಿಯನ್ನೂ ನಾಲ್ಕು ಏಂಜಲ್ ಮೀನುಗಳನ್ನೂ ಹುಬ್ಬಳ್ಳಿಯಿಂದ ತಂದೆ. ಹತ್ತು ದಿನಗಳೊಳಗೆ ನಾಲ್ಕೂ ಸತ್ತವು. ತಪ್ಪು ನನ್ನದೇ. ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯಾವನ್ನು ಹೊರಹಾಕುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅದೇ ವಿಷ. ಹಳೆಯ ತೊಟ್ಟಿಯಲ್ಲಿ ಮರಳಿಗೂ ಶೋಧಕಕ್ಕೂ ಅಂಟಿಕೊಂಡ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ಹೆಚ್ಚು ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಅವು ನೆಲೆಗೊಳ್ಳಲು ತಿಂಗಳಾದರೂ ಬೇಕು. ಸಾರಜನಕದ ಚಕ್ರವನ್ನು ಕಪ್ಪುಹಲಗೆಯ ಮೇಲೆ ವರ್ಷವರ್ಷವೂ ಬರೆಯುತ್ತ ಬಂದವನಿಗೆ ಅದು ತನ್ನ ತೊಟ್ಟಿಗೂ ಅನ್ವಯಿಸುತ್ತದೆಂಬುದು ಹೊಳೆಯಲಿಲ್ಲ.

ಆಮೇಲೆ ಎರಡು ತಿಂಗಳು ಮೀನೇ ಇಲ್ಲದ ನೀರಿಗೆ ದಿನವೂ ಚಿಟಿಕೆ ಆಹಾರ ಹಾಕುತ್ತ, ಬ್ಯಾಕ್ಟೀರಿಯಾಗಳನ್ನು ಬೆಳೆಸುತ್ತ ಕಾದೆ. ಹುಡುಗರು ಬಾಯಿಗೆ ಕೈ ಅಡ್ಡಹಿಡಿದು ನಕ್ಕರು. ಆಗಸ್ಟ್ ಕೊನೆಯಲ್ಲಿ ಒಂದೇ ಒಂದು ಮೀನನ್ನು ತಂದೆ. ಮರಿಗಳು ಗುಂಪಿನಲ್ಲಿದ್ದರೆ ಧೈರ್ಯದಿಂದಿರುತ್ತವೆಂದು ತಿಳಿದಿತ್ತು. ಆದರೆ ನಾಲ್ಕನ್ನು ಕೊಂದವನಿಗೆ ಒಂದಕ್ಕಿಂತ ಹೆಚ್ಚು ತರುವ ಎದೆ ಇರಲಿಲ್ಲ.

ಏಂಜಲ್ ಮೀನು ಮೂಲತಃ ದಕ್ಷಿಣ ಅಮೆರಿಕದ ಅಮೆಜಾನ್ ನದಿಯ ಬಳಗದ್ದು. ಎಲೆಯಂತೆ ಚಪ್ಪಟೆಯಾದ ಒಡಲು, ಮೈಮೇಲೆ ನಿಟ್ಟನೆಯ ಕರಿಪಟ್ಟೆಗಳು. ನೀರಿಗಿಳಿದ ಬೇರುಗಳ, ಗಿಡಗಳ ನಡುವೆ ಆ ಪಟ್ಟೆಗಳೇ ಅದಕ್ಕೆ ಮರೆ. ಇಂದು ನಮ್ಮ ಅಂಗಡಿಗಳಿಗೆ ಬರುವವು ಚೆನ್ನೈನ ಕೊಳತ್ತೂರಿನಂಥ ಕಡೆಗಳಲ್ಲಿ ತೊಟ್ಟಿಯಲ್ಲಿಯೇ ಹುಟ್ಟಿದವು. ಅಮೆಜಾನನ್ನು ಅವುಗಳ ಮುತ್ತಜ್ಜರೂ ಕಂಡಿರಲಾರರು. ಆದರೂ ಮರೆಯನ್ನು ಅರಸುವ ಸ್ವಭಾವ ಹೋಗಿಲ್ಲ.

ನಮ್ಮ ಕೊಳವೆಬಾವಿಯ ನೀರು ಗಡಸು. ಆದ್ದರಿಂದ ಈ ಸಲ ಚೀಲದ ನೀರಿಗೆ ತೊಟ್ಟಿಯ ನೀರನ್ನು ಲೋಟದಿಂದ ಸ್ವಲ್ಪಸ್ವಲ್ಪವಾಗಿ ಬೆರೆಸುತ್ತ, ಒಂದು ಗಂಟೆ ಕಳೆದ ಮೇಲೆಯೇ ಮೀನನ್ನು ಬಿಟ್ಟೆ. ಅದು ನೇರವಾಗಿ ಶೋಧಕದ ಕೊಳವೆಯ ಹಿಂದೆ ಹೋಗಿ ನಿಂತಿತು. ರೆಕ್ಕೆಗಳು ಮುದುಡಿದ್ದವು, ಬಣ್ಣ ಮಾಸಿತ್ತು, ಕಿವಿರು ಬೇಗಬೇಗನೆ ಬಡಿಯುತ್ತಿತ್ತು. ನಾಲ್ಕು ದಿನ ಏನನ್ನೂ ಮುಟ್ಟಲಿಲ್ಲ. ಪ್ರತಿ ಪಾಠದ ಅವಧಿ ಮುಗಿದಾಗಲೂ ನಾನು ಹೋಗಿ ಬಗ್ಗಿ ನೋಡುತ್ತಿದ್ದೆ, ಕಾಳು ಉದುರಿಸುತ್ತಿದ್ದೆ, ಆಮೇಲೆ ಅದನ್ನು ಹೊರತೆಗೆಯುತ್ತಿದ್ದೆ. ಹುಡುಗರು ಗಾಜಿನ ಮೇಲೆ ಬೆರಳಿನಿಂದ ಬಡಿದು ಕರೆಯುತ್ತಿದ್ದರು. ಮೀನಿನ ಇಕ್ಕೆಲಗಳಲ್ಲಿ ನೀರಿನ ಅಲುಗಾಟವನ್ನು ಅರಿಯುವ ಪಾರ್ಶ್ವರೇಖೆಯಿರುತ್ತದೆ. ನಮಗೆ ಮೆಲ್ಲಗಿನ ಬಡಿತವೆನಿಸುವುದು ಅದರ ಮೈಗೆಲ್ಲ ತಾಗುತ್ತದೆ.

ಆ ವರ್ಷ ಒಂಬತ್ತನೆಯ ತರಗತಿಗೆ ತಡವಾಗಿ ಸೇರಿದ ಒಬ್ಬ ಹುಡುಗ ಉಚಿತ ಪ್ರಸಾದ ನಿಲಯದಲ್ಲಿದ್ದ. ಯಾರೊಡನೆಯೂ ಹೆಚ್ಚು ಮಾತಿಲ್ಲ. ಐದನೆಯ ದಿನ ಸಂಜೆ ನಾನು ತೊಟ್ಟಿಯ ಮುಂದೆ ಬಗ್ಗಿ ನಿಂತಿದ್ದಾಗ ಬಾಗಿಲ ಬಳಿಯಿಂದ ಅವನ ದನಿ ಕೇಳಿತು: “ಸರ್, ಎಲ್ಲಾರೂ ಬಂದು ಬಂದು ನೋಡಾಕತ್ತಿದ್ರ ಅದು ಹೆಂಗ ಉಣ್ಣತೈತ್ರಿ?”

ನಾನು ತಟ್ಟನೆ ಎದ್ದು ನಿಂತೆ. ಈ ಹುಡುಗ ಪಂಕ್ತಿಯಲ್ಲಿ ಕುಳಿತು ಎರಡು ತುತ್ತು ತಿಂದು ಎದ್ದುಬಿಡುತ್ತಾನೆಂದು ನಿಲಯಪಾಲಕರು ಹಿಂದಿನ ವಾರವೇ ಹೇಳಿದ್ದರು. ಅಂದಿನಿಂದ ನಾವು ಶಿಕ್ಷಕರು ಒಬ್ಬರಾದ ಮೇಲೊಬ್ಬರಂತೆ ಅವನ ತಾಟಿನ ಮುಂದೆ ನಿಂತು “ಯಾಕಪ್ಪಾ, ಊಟ ಸೇರುವುದಿಲ್ಲವೇನು?” ಎಂದು ವಿಚಾರಿಸುತ್ತಿದ್ದೆವು. ನಾನೂ ಎರಡು ಸಲ ವಿಚಾರಿಸಿದ್ದೆ.

ಅವನಿಗೆ ಏನನ್ನೂ ಹೇಳಲಿಲ್ಲ. ಇಬ್ಬರೂ ಕೂಡಿ ತೊಟ್ಟಿಯ ಹಿಂಬದಿಗೂ ಎರಡು ಪಕ್ಕಗಳಿಗೂ ಪುಸ್ತಕಕ್ಕೆ ಹೊದಿಸುವ ಕಂದು ಕಾಗದ ಅಂಟಿಸಿದೆವು. ದೀಪ ಆರಿಸಿದೆವು. ಅಡುಗೆಮನೆಯಿಂದ ಒಡೆದ ಗಡಿಗೆಯ ಅರ್ಧಭಾಗವನ್ನು ತಂದು ತೊಳೆದು ಒಳಗಿರಿಸಿದೆವು. ಕೆರೆಯಿಂದ ಉದ್ದನೆಯ ನೀರುಗಿಡಗಳನ್ನು ತಂದು ನೆಟ್ಟೆವು. ತೊಟ್ಟಿಯ ಬಳಿ ಯಾರೂ ಸುಳಿಯಬಾರದೆಂದು ತರಗತಿಗಳಲ್ಲಿ ಹೇಳಿದೆ. ಆ ಆಜ್ಞೆ ನನಗೂ ಸೇರಿತ್ತು. ನೋಡಿಕೊಳ್ಳುವ ಹೊಣೆ ಅವನೊಬ್ಬನದೇ.

ಒಣ ಕಾಳನ್ನು ಮುಟ್ಟದ ಮೀನು ಅಲುಗಾಡುವ ಆಹಾರಕ್ಕೆ ಬಾಯಿ ಹಾಕುವುದುಂಟು. ಹಿತ್ತಿಲ ಸಿಮೆಂಟು ತೊಟ್ಟಿಯಿಂದ ಸೊಳ್ಳೆಯ ಹುಳುಗಳನ್ನು ಹಿಡಿದು ತರಲು ಹೇಳಿದಾಗ ಅವನು ಸುಮ್ಮನೆ ನಿಂತ. “ಇದು ಬದುಕಬೇಕಂದ್ರ ಅವು ಸಾಯಬೇಕಲ್ರಿ?” ಎಂದ. ದಾಸೋಹದ ಅಂಗಳದಲ್ಲಿ ಬೆಳೆಯುತ್ತಿರುವವನ ಪ್ರಶ್ನೆ. ಸೊಳ್ಳೆಗಳನ್ನು ತಡೆಯಲು ಆರೋಗ್ಯ ಇಲಾಖೆಯವರೇ ಕೆರೆ ಬಾವಿಗಳಿಗೆ ಗಪ್ಪಿ, ಗ್ಯಾಂಬೂಸಿಯಾ ಮೀನು ಬಿಡುತ್ತಾರೆಂದು ವಿವರಿಸಿದೆ. ಅದು ನಿಜವೇ, ಆದರೆ ಅವನು ಕೇಳಿದ್ದು ಅದನ್ನಲ್ಲ. ಅವನು ಕೇಳಿದ್ದಕ್ಕೆ ಉತ್ತರ ನನ್ನಲ್ಲಿರಲಿಲ್ಲ, ಇಂದಿಗೂ ಇಲ್ಲ. ಮರುದಿನ ಲೋಟದಲ್ಲಿ ಹುಳುಗಳನ್ನು ತಂದ, ಎಣಿಸಿ ಆರೇ ಆರು.

ಅದೇ ದಿನ ನಿಲಯಪಾಲಕರನ್ನು ಕಂಡು, ಹುಡುಗನನ್ನು ಪಂಕ್ತಿಯಲ್ಲಿ ಕೂರಿಸದೆ ಬಡಿಸುವ ಸೇವೆಗೆ ಹಾಕಿರೆಂದು ಕೇಳಿಕೊಂಡೆ. ಬಡಿಸುವವರು ಎಲ್ಲರೂ ಎದ್ದ ಮೇಲೆ ಅಡುಗೆಯವರೊಡನೆ ಒಳಗೆ ಕುಳಿತು ಉಣ್ಣುತ್ತಾರೆ. ಅಲ್ಲಿ ಯಾರೂ ಯಾರ ತಾಟನ್ನೂ ನೋಡುವುದಿಲ್ಲ.

ಮೀನು ತಂದ ಒಂಬತ್ತನೆಯ ದಿನ ಬೆಳಗಿನ ಪ್ರಾರ್ಥನೆಗೆ ಹೋಗುತ್ತಿದ್ದಾಗ ಅವನು ಓಡಿಬಂದ. “ತಿಂತ್ರಿ ಸರ್” ಎಂದಷ್ಟೇ ಹೇಳಿ ಸಾಲಿನಲ್ಲಿ ಹೋಗಿ ನಿಂತ. ಹೋಗಿ ನೋಡಬೇಕೆಂಬ ಆಸೆಯನ್ನು ತಡೆದುಕೊಳ್ಳುವುದು ಕಷ್ಟವಾಯಿತು.

ಹುಳುಗಳ ಜೊತೆಗೆ ಒಣ ಕಾಳನ್ನೂ ಹಾಕುತ್ತ ಬಂದುದರಿಂದ ಮೂರು ವಾರಗಳಲ್ಲಿ ಮೀನು ಕಾಳಿಗೇ ಒಗ್ಗಿತು. “ಇನ್ನ ಹುಳ ಬ್ಯಾಡಲ್ರಿ?” ಎಂದು ಅವನು ಎರಡು ಸಲ ಕೇಳಿ ಖಚಿತಪಡಿಸಿಕೊಂಡ. ಅವನ ಊಟದ ವಿಷಯವನ್ನು ನಾನು ವಿಚಾರಿಸಲಿಲ್ಲ. ಬಡಿಸುವಾಗ ಮಜ್ಜಿಗೆಯ ಬಕೀಟನ್ನು ಹಿಡಿದು ಜೋರಾಗಿ ಕೂಗಿ ಕೇಳುತ್ತಾನೆಂದು ಅಡುಗೆಯವರೇ ಒಂದು ದಿನ ಹೇಳಿದರು.

ದಸರೆಯ ರಜೆಯ ಬಳಿಕ ಮೀನಿಗೆ ಇಬ್ಬರು ಸಂಗಾತಿಗಳು ಬಂದರು. ಪಕ್ಕಗಳ ಕಾಗದವನ್ನು ಒಂದೊಂದಾಗಿ ತೆಗೆದೆವು. ಹಿಂಬದಿಯದನ್ನು ನಾನು ಇಂದಿಗೂ ತೆಗೆದಿಲ್ಲ. ಅದರ ಮೂಲೆಯಲ್ಲಿ ಸಣ್ಣ ಅಕ್ಷರಗಳಲ್ಲಿ, ಪೆನ್ಸಿಲಿನಿಂದ, ಅವನು ಬರೆದಿಟ್ಟಿದ್ದಾನೆ: ಒಂಬತ್ತನೇ ದಿನ, ನಾಲ್ಕು ತಿಂತು, ಎರಡು ಬಿಟ್ಟಿತು.