ಶ್ರೀಗಂಧದ ಲೆಕ್ಕ

ಬೆಂಗಳೂರಿನ ಉತ್ತರ ದಿಕ್ಕಿನಲ್ಲಿ, ಯಶವಂತಪುರಕ್ಕೆ ಸಮೀಪದಲ್ಲಿ, ಒಂದು ಮೆಟ್ರೋ ನಿಲ್ದಾಣಕ್ಕೆ ‘ಸ್ಯಾಂಡಲ್ ಸೋಪ್ ಫ್ಯಾಕ್ಟರಿ’ ಎಂದು ಹೆಸರು. ದೇವರ ಹೆಸರನ್ನೋ ಕೆರೆಯ ಹೆಸರನ್ನೋ ಹಿರಿಯರ ಹೆಸರನ್ನೋ ಬಡಾವಣೆಗಳಿಗೆ ಇಟ್ಟು ಕರೆಯುವ ನಗರದಲ್ಲಿ, ನಿಲ್ದಾಣವೊಂದು ಸಾಬೂನಿನ ಹೆಸರನ್ನು ಹೊತ್ತು ನಿಂತಿರುವುದು ಸ್ವಾರಸ್ಯದ ಸಂಗತಿ. ಆದರೆ ಈ ಹೆಸರಿನ ಹಿಂದೆ ಇರುವುದು ಕೇವಲ ಒಂದು ಸಾಬೂನಲ್ಲ, ಒಂದು ಮರ. ಆ ಮರವಿದ್ದುದರಿಂದ ಕಾರ್ಖಾನೆ ಹುಟ್ಟಿತು. ಮರ ಮುಗಿದರೆ ಕಾರ್ಖಾನೆಯ ಗತಿಯೇನು ಎಂಬ ಪ್ರಶ್ನೆಯೂ ಅದರೊಡನೆಯೇ ಹುಟ್ಟಿತೆನ್ನಬೇಕು. ಆದರೆ ಅದನ್ನು ಕೇಳಿಕೊಳ್ಳಲು ಈ ನಾಡಿಗೆ ಬಹುಕಾಲ ಬೇಕಾಯಿತು.

ಮೈಸೂರು ಸೀಮೆಯ ಶ್ರೀಗಂಧ ಶತಮಾನಗಳಿಂದ ದೇಶವಿದೇಶಗಳಲ್ಲಿ ಹೆಸರಾದದ್ದು. ಹಾಗಿದ್ದರೂ ಇಪ್ಪತ್ತನೆಯ ಶತಮಾನದ ಆರಂಭದವರೆಗೆ ಇಲ್ಲಿಂದ ಹೊರಗೆ ಹೋಗುತ್ತಿದ್ದದ್ದು ಮುಖ್ಯವಾಗಿ ಕೊರಡು, ಎಣ್ಣೆಯಲ್ಲ. ಸರ್ಕಾರವು ಗಂಧದ ಕೊರಡುಗಳನ್ನು ಹರಾಜು ಹಾಕುತ್ತಿತ್ತು. ಅವು ಹಡಗನ್ನೇರಿ ಜರ್ಮನಿಯನ್ನು ಸೇರುತ್ತಿದ್ದವು. ಅಲ್ಲಿ ಅವುಗಳಿಂದ ಎಣ್ಣೆ ಬಟ್ಟಿ ಇಳಿಸುತ್ತಿದ್ದರು. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಈ ವ್ಯಾಪಾರ ಒಮ್ಮೆಲೇ ನಿಂತುಹೋಯಿತು. ಗಂಧದ ಕೋಠಿಗಳಲ್ಲಿ ಮರ ಬಿದ್ದುಕೊಂಡಿತು, ಕೊಳ್ಳುವವರಿಲ್ಲ. ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರು, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರು. ಪರರು ಮಾಡುತ್ತಿದ್ದುದನ್ನು ಇಲ್ಲಿಯೇ ಏಕೆ ಮಾಡಬಾರದೆಂಬ ಯೋಚನೆ ಮೂಡಿತು. ಕೈಗಾರಿಕಾ ಇಲಾಖೆಯಲ್ಲಿದ್ದ ಆಲ್ಫ್ರೆಡ್ ಚಾಟರ್ಟನ್ನರು ಮುಂದಾದರು. ಯಶವಂತಪುರದ ನೆರೆಯಲ್ಲಿಯೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಡ್‌ಬರೋ ಮತ್ತು ವಾಟ್ಸನ್ ಎಂಬ ರಸಾಯನ ವಿಜ್ಞಾನಿಗಳು ಪ್ರಯೋಗ ನಡೆಸಿ ಎಣ್ಣೆ ತೆಗೆಯುವ ವಿಧಾನವನ್ನು ಸಿದ್ಧಪಡಿಸಿದರು. 1916ರಲ್ಲಿ ಬೆಂಗಳೂರಿನಲ್ಲಿಯೂ, ಮರುವರ್ಷ ಮೈಸೂರಿನಲ್ಲಿಯೂ ಗಂಧದೆಣ್ಣೆಯ ಕಾರ್ಖಾನೆಗಳು ಕೆಲಸ ಆರಂಭಿಸಿದವು. ಎಣ್ಣೆ ಬಂದ ಮೇಲೆ ಸಾಬೂನು ಬಂದಿತು. ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಸಾಬೂನು ತಯಾರಿಕೆಯ ಶಿಕ್ಷಣಕ್ಕಾಗಿ ಇಂಗ್ಲೆಂಡಿಗೆ ಕಳುಹಿಸಲಾಯಿತು. ಅವರು ಹಿಂದಿರುಗಿ ಈ ವಿದ್ಯೆಯನ್ನು ನಾಡಿನಲ್ಲಿ ನೆಲೆಗೊಳಿಸಿ ‘ಸೋಪ್ ಶಾಸ್ತ್ರಿ’ಗಳೆಂದೇ ಪ್ರಸಿದ್ಧರಾದರು. 1918ರಲ್ಲಿ ಆರಂಭವಾದ ಸರ್ಕಾರಿ ಸಾಬೂನು ಕಾರ್ಖಾನೆ 1957ರಲ್ಲಿ ನಗರದ ಮಧ್ಯದಿಂದ ಈಗಿನ ನೆಲೆಗೆ ಬಂದಿತು. 1980ರಲ್ಲಿ ಅದು ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತ ಎಂಬ ಸಂಸ್ಥೆಯಾಯಿತು.

ಇಷ್ಟು ಕಾರ್ಖಾನೆಯ ಚರಿತ್ರೆ. ಇದನ್ನು ಸ್ವದೇಶೀ ಉದ್ಯಮದ ವಿಜಯವೆಂದು ವರ್ಣಿಸುವುದುಂಟು. ಅದು ಯುಕ್ತವೂ ಹೌದು. ಆದರೆ ಮರದ ಚರಿತ್ರೆ ಬೇರೆಯೇ ಇದೆ.

ಶ್ರೀಗಂಧದ ಮರ ಉಳಿದ ಮರಗಳಂತಲ್ಲ. ಅದು ಬದನಿಕೆಯ ದೂರದ ನೆಂಟ. ತನ್ನ ಎಲೆಯಿಂದ ಆಹಾರವನ್ನು ತಾನೇ ಸಿದ್ಧಪಡಿಸಿಕೊಳ್ಳುವುದಾದರೂ, ನೀರು ಮತ್ತು ಲವಣಗಳ ಒಂದು ಭಾಗವನ್ನು ಅದು ಪಕ್ಕದ ಗಿಡದಿಂದ ಎರವಲು ಪಡೆಯುತ್ತದೆ. ಮಣ್ಣಿನೊಳಗೆ ಅದರ ಬೇರುಗಳು ಹೊಂಗೆ, ಸರ್ವೆ, ತೊಗರಿ ಮುಂತಾದವುಗಳ ಬೇರುಗಳನ್ನು ಹುಡುಕಿಕೊಂಡು ಹೋಗಿ ಅಂಟಿಕೊಳ್ಳುತ್ತವೆ. ಜೊತೆಗಾರನಿಲ್ಲದ ಗಂಧದ ಸಸಿ ಸೊರಗುತ್ತದೆ. ಇನ್ನು ಅದರ ಬೀಜವನ್ನು ಬಿತ್ತುವವರು ಯಾರೆಂದರೆ ಹಕ್ಕಿಗಳು. ಕಪ್ಪಾಗಿ ಮಾಗಿದ ಹಣ್ಣನ್ನು ತಿಂದ ಪಿಕಳಾರ, ಕೋಗಿಲೆಗಳು ಬೇಲಿಯ ಮರಗೆ, ಪೊದೆಯ ಬುಡದಲ್ಲಿ ಬೀಜವನ್ನು ಉದುರಿಸುತ್ತವೆ. ಸಸಿಗೆ ಬೇಕಾದ ಜೊತೆಗಾರ ಅಲ್ಲಿ ಸಿದ್ಧವಾಗಿಯೇ ಇರುತ್ತದೆ.

ಇಷ್ಟಾಗಿಯೂ ಎಳೆಯ ಮರದಲ್ಲಿ ಪರಿಮಳವಿಲ್ಲ. ಹೊರಗಿನ ಬಿಳಿಯ ಭಾಗಕ್ಕೆ ವಾಸನೆಯೇ ಇಲ್ಲ. ಸುಮಾರು ಹತ್ತು ವರ್ಷಗಳಾದ ಮೇಲೆ ಕಾಂಡದ ನಡುವೆ ಚೇಗು ಕಟ್ಟತೊಡಗುತ್ತದೆ. ಅದು ಬಲಿತು ಒಳ್ಳೆಯ ಎಣ್ಣೆಯನ್ನು ಕೊಡಬೇಕಾದರೆ ಇನ್ನೂ ಹದಿನೈದು ಇಪ್ಪತ್ತು ವರ್ಷ ಕಾಯಬೇಕು. ಆ ಚೇಗನ್ನು ಪುಡಿಮಾಡಿ ದಿನಗಟ್ಟಲೆ ಹಬೆ ಹಾಯಿಸಿದರೆ ನೂರು ಕಿಲೋಗೆ ನಾಲ್ಕೈದು ಕಿಲೋ ಎಣ್ಣೆ ಇಳಿಯುತ್ತದೆ. ಎಣ್ಣೆಯ ಅಂಶ ಅತ್ಯಧಿಕವಾಗಿರುವುದು ಬೇರಿನಲ್ಲಿ. ಆದ್ದರಿಂದ ಗಂಧದ ಮರವನ್ನು ಕಡಿಯುವುದಿಲ್ಲ, ಬೇರುಸಹಿತ ಕೀಳುತ್ತಾರೆ. ಬುಡ ಉಳಿದರಲ್ಲವೇ ಅದು ಮತ್ತೆ ಚಿಗುರುವುದು!

ಲೆಕ್ಕದ ತೊಡಕು ಇಲ್ಲಿಯೇ ಇದೆ. ಕಾರ್ಖಾನೆಗೆ ಕಚ್ಚಾಮಾಲು ಪ್ರತಿದಿನವೂ ಬೇಕು. ಅದರ ಆಯವ್ಯಯದ ಪಟ್ಟಿ ವರ್ಷಕ್ಕೊಮ್ಮೆ ಮುಗಿಯುತ್ತದೆ. ಮರಕ್ಕೆ ಮೂವತ್ತು ವರ್ಷ ಒಂದು ಹೆಜ್ಜೆ. ಈ ವರ್ಷ ಕಿತ್ತ ಮರದ ಬದಲಿಗೆ ಈ ವರ್ಷವೇ ಸಸಿ ನೆಟ್ಟರೂ, ಇಂದು ಕೆಲಸಕ್ಕೆ ಸೇರಿದ ನೌಕರನು ನಿವೃತ್ತನಾಗುವ ಹೊತ್ತಿಗೆ ಅದು ಕೈಗೆ ಬರುತ್ತದೆ. ನೆಡದೆ ಹೋದರೆ ಆ ವರ್ಷದ ಲೆಕ್ಕಪತ್ರದಲ್ಲಿ ಯಾವ ನಷ್ಟವೂ ಕಾಣುವುದಿಲ್ಲ, ಲಾಭವೇ ಕಾಣುತ್ತದೆ. ಅಸಲನ್ನು ಬಡ್ಡಿಯೆಂದು ಬರೆದುಕೊಳ್ಳುವ ಈ ಲೆಕ್ಕ ಗಂಧಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಮೀನು ಹಿಡಿಯುವ ಉದ್ಯಮ, ಕೊಳವೆಬಾವಿಯ ನೀರನ್ನು ನಂಬಿದ ಉದ್ಯಮ, ಎಲ್ಲವೂ ಬರೆದುಕೊಂಡದ್ದು ಇದನ್ನೇ.

ಮರವನ್ನು ಉಳಿಸಲು ರಾಜ್ಯವು ಏನೂ ಮಾಡಲಿಲ್ಲವೇ ಎಂದರೆ, ಮಾಡಿತು, ಕಾನೂನು ಮಾಡಿತು. ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿ ಶ್ರೀಗಂಧ ರಾಜವೃಕ್ಷವಾಯಿತು. ಅನಂತರ ಬಂದ ಮೈಸೂರು ಅರಸರೂ, ಸ್ವಾತಂತ್ರ್ಯಾನಂತರದ ಸರ್ಕಾರವೂ ಅದನ್ನೇ ಮುಂದುವರಿಸಿದವು. ಗಂಧದ ಮರ ಯಾರ ಹೊಲದಲ್ಲಿ ಹುಟ್ಟಿದರೂ ಸರ್ಕಾರದ್ದು. ಹೊಲದೊಡೆಯನಿಗೆ ಅದರ ಬೆಲೆಯಲ್ಲಿ ಒಂದು ಪಾಲು ದೊರೆಯಬಹುದಾಗಿತ್ತು. ಆದರೆ ಕಾಯುವ ಹೊಣೆ ಪೂರ್ತಿ ಅವನದು. ಮರ ಕಳುವಾದರೆ ಮೊದಲ ವಿಚಾರಣೆಯೂ ಅವನದೇ. ಇಂಥ ಮರವನ್ನು ಯಾವ ರೈತ ಬೆಳೆಸಿಯಾನು? ಹಕ್ಕಿ ಬಿತ್ತಿದ ಸಸಿ ಬೇಲಿಯಲ್ಲಿ ಎರಡೆಲೆ ಬಿಟ್ಟಾಗಲೇ ಅದನ್ನು ಕಳೆಯೊಡನೆ ಕಿತ್ತು ಹಾಕುವುದು ವಿವೇಕವೆನಿಸಿತು. ಹೀಗೆ ರಕ್ಷಣೆಗೆಂದು ಹುಟ್ಟಿದ ಕಾನೂನು, ಮರಕ್ಕೆ ಅತಿ ಸಮೀಪದಲ್ಲಿದ್ದ ಮನುಷ್ಯನನ್ನೇ ಅದರ ವೈರಿಯನ್ನಾಗಿ ಮಾಡಿತು. ಕಾನೂನು ಮಾಡಿದವರು ದುರುದ್ದೇಶದಿಂದ ಮಾಡಿದರೆಂದಲ್ಲ. ಕೋಠಿ ತುಂಬಿರುವವರೆಗೆ ಅವರಿಗೆ ರೈತನ ಬೇಲಿಯನ್ನು ನೋಡುವ ಅಗತ್ಯ ತೋರಲಿಲ್ಲ, ಅಷ್ಟೆ.

ಇತ್ತ ರೈತ ಕೈಬಿಟ್ಟ ಮರಕ್ಕೆ ಅತ್ತ ಕಾಡಿನಲ್ಲಿಯೂ ಸುಖವಿರಲಿಲ್ಲ. 1899ರಲ್ಲಿ ಕೊಡಗಿನಲ್ಲಿ ಸ್ಪೈಕ್ ಎಂಬ ರೋಗ ಕಾಣಿಸಿಕೊಂಡಿತು. ಎಲೆಗಳು ಸಣ್ಣಗಾಗಿ ಮುಳ್ಳಿನಂತೆ ಸೆಟೆದು ನಿಲ್ಲುತ್ತವೆ. ಹೂವು ಕಾಯಿಗಳು ನಿಲ್ಲುತ್ತವೆ. ಕೆಲವೇ ವರ್ಷಗಳಲ್ಲಿ ಮರ ಒಣಗುತ್ತದೆ. ಕೀಟಗಳು ಹರಡುವ ಅತಿಸೂಕ್ಷ್ಮ ಜೀವಿಯೊಂದು ಇದಕ್ಕೆ ಕಾರಣವೆಂದು ತಿಳಿದಿದ್ದರೂ ಖಚಿತವಾದ ಮದ್ದು ಇಂದಿಗೂ ದೊರೆತಿಲ್ಲ. ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ 1938ರಲ್ಲಿ ಅರಣ್ಯ ಸಂಶೋಧನಾಲಯವಾಗಿ ಆರಂಭವಾದುದು. ಗಂಧದ ಅಧ್ಯಯನ ಅಲ್ಲಿ ಇಂದಿಗೂ ನಡೆದಿದೆ. ರೋಗದ ಜೊತೆಗೆ ಕಾಡ್ಗಿಚ್ಚು, ಕಳ್ಳಸಾಗಣೆ. ವೀರಪ್ಪನ್‌ನ ಹೆಸರು ನಾಡಿನ ಮನೆಮನೆಯಲ್ಲಿ ಭಯ ಹುಟ್ಟಿಸಿದ ದಿನಗಳು ಹಿರಿಯರ ನೆನಪಿನಲ್ಲಿವೆ. ಅವನು 2004ರಲ್ಲಿ ಹತನಾಗುವ ವೇಳೆಗೆ ಕಾಡಿನಲ್ಲಿ ದೊಡ್ಡ ಗಂಧದ ಮರಗಳೇ ಅಪರೂಪವಾಗಿದ್ದವು. ಒಂದು ಕಾಲದಲ್ಲಿ ವರ್ಷಕ್ಕೆ ಸಾವಿರಾರು ಟನ್ ಗಂಧ ದೊರೆಯುತ್ತಿದ್ದ ದೇಶದಲ್ಲಿ ಲೆಕ್ಕ ನೂರರ ಮಟ್ಟಕ್ಕೆ ಇಳಿಯಿತು. 1998ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಶ್ರೀಗಂಧವನ್ನು ಅಪಾಯಕ್ಕೆ ಸಿಲುಕಬಲ್ಲ ಪ್ರಭೇದಗಳ ಪಟ್ಟಿಗೆ ಸೇರಿಸಿತು. ಸಾಗರ, ಸೊರಬಗಳ ಗುಡಿಗಾರರು, ತಲೆತಲಾಂತರದಿಂದ ಗಂಧದಲ್ಲಿ ದೇವರನ್ನೂ ಬಳ್ಳಿಯನ್ನೂ ಕೊರೆದು ಬದುಕಿದವರು, ಮರ ಸಿಗದೆ ಪರದಾಡುವಂತಾಯಿತು.

ಇಂಥ ಇಕ್ಕಟ್ಟು ಮೈಸೂರು ಸೀಮೆಗೆ ಮಾತ್ರ ಬಂದುದಲ್ಲ. ಗಂಧವನ್ನು ಕೊಳ್ಳುತ್ತಿದ್ದ ಅದೇ ಜರ್ಮನಿಯಲ್ಲಿ, ಸ್ಯಾಕ್ಸನಿ ಎಂಬ ಪ್ರಾಂತದಲ್ಲಿ, ಹದಿನೆಂಟನೆಯ ಶತಮಾನದ ಆರಂಭದಲ್ಲಿ ಹಾನ್ಸ್ ಕಾರ್ಲ್ ಫಾನ್ ಕಾರ್ಲೋವಿಟ್ಸ್ ಎಂಬಾತ ಬೆಳ್ಳಿಯ ಗಣಿಗಳ ಮೇಲಧಿಕಾರಿಯಾಗಿದ್ದನು. ಗಣಿಯ ಆಸರೆಗಂಬಗಳಿಗೂ ಅದಿರು ಕರಗಿಸುವ ಕುಲುಮೆಗಳಿಗೂ ಮರ ಬೇಕು. ಸುತ್ತಲಿನ ಕಾಡುಗಳು ಬರಿದಾಗುತ್ತಿದ್ದವು. ಬೆಳ್ಳಿ ಇದ್ದೂ ಮರವಿಲ್ಲದೆ ಗಣಿ ಮುಚ್ಚುವ ದಿನ ಬರುವುದೆಂದು ಅವನು ಕಂಡುಕೊಂಡನು. ಬೆಳೆಯುವಷ್ಟನ್ನೇ ಕಡಿಯಬೇಕು, ಕಡಿದಲ್ಲಿ ನೆಡಬೇಕು ಎಂದು ವಾದಿಸಿ 1713ರಲ್ಲಿ ಒಂದು ಗ್ರಂಥವನ್ನು ಬರೆದನು. ಇಂದು ಲೋಕವೆಲ್ಲ ಆಡುತ್ತಿರುವ ‘ಸುಸ್ಥಿರ’ ಎಂಬ ಮಾತಿನ ಮೂಲವನ್ನು ವಿದ್ವಾಂಸರು ಆ ಗ್ರಂಥದಲ್ಲಿ ಗುರುತಿಸುತ್ತಾರೆ. ಆ ಕಲ್ಪನೆ ಮೊದಲು ಮೂಡಿದ್ದು ಕವಿಯ ಮನಸ್ಸಿನಲ್ಲಲ್ಲ, ತಪಸ್ವಿಯ ಆಶ್ರಮದಲ್ಲಲ್ಲ. ಒಬ್ಬ ಉದ್ಯಮಾಡಳಿತಗಾರನ ಮೇಜಿನ ಮುಂದೆ ಎಂಬುದು ಗಮನಿಸತಕ್ಕ ಅಂಶ.

1987ರಲ್ಲಿ ನಾರ್ವೆಯ ಪ್ರಧಾನಿ ಗ್ರೋ ಹಾರ್ಲೆಮ್ ಬ್ರುಂಟ್‌ಲಂಡ್ ಅವರ ಅಧ್ಯಕ್ಷತೆಯ ಆಯೋಗವು, ಮುಂದಿನ ಪೀಳಿಗೆಯ ಪಾಲನ್ನು ಕಸಿಯದೆ ಇಂದಿನ ಅಗತ್ಯಗಳನ್ನು ಪೂರೈಸಿಕೊಳ್ಳುವುದೇ ಸುಸ್ಥಿರ ಅಭಿವೃದ್ಧಿ ಎಂದು ನಿರೂಪಿಸಿತು. 2015ರಲ್ಲಿ ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರಗಳು 2030ರೊಳಗೆ ಸಾಧಿಸಬೇಕಾದ 17 ಗುರಿಗಳನ್ನು ಒಪ್ಪಿಕೊಂಡವು. ಅವುಗಳಲ್ಲಿ ಹನ್ನೆರಡನೆಯದು ಹೊಣೆಯರಿತ ಉತ್ಪಾದನೆ ಮತ್ತು ಬಳಕೆ. ಭಾರತದಲ್ಲಿ 2013ರ ಕಂಪನಿ ಕಾಯಿದೆಯು ದೊಡ್ಡ ಕಂಪನಿಗಳು ತಮ್ಮ ನಿವ್ವಳ ಲಾಭದಲ್ಲಿ ನೂರಕ್ಕೆ ಎರಡರಷ್ಟನ್ನು ಸಮಾಜದ ಹಿತಕ್ಕೆ ವ್ಯಯಿಸಬೇಕೆಂದು ವಿಧಿಸಿದೆ. ಆ ಹಣದಿಂದ ಶಾಲೆಗಳಿಗೆ ಕೊಠಡಿ, ಕೆರೆಗಳಿಗೆ ಏರಿ ಆಗಿರುವುದು ಸಂತೋಷವೇ. ಆದರೆ ಉಳಿದ ತೊಂಬತ್ತೆಂಟನ್ನು ಗಳಿಸಿದ ಬಗೆ ಹೇಗೆ ಎಂದು ಕೇಳದೆ ಈ ಎರಡನ್ನು ಮಾತ್ರ ಹೊಗಳುವುದು, ಬೇರು ಕಿತ್ತವನು ಎಲೆಗೆ ನೀರು ಚಿಮುಕಿಸಿದುದನ್ನು ಕೊಂಡಾಡಿದಂತೆ. ಗಂಧದ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ದಾನದ್ದಲ್ಲ: ಮರವನ್ನು ಬೆಳೆಯುವವನು ಯಾರು, ಅವನಿಗೆ ಸಿಗುವುದೇನು?

ಈ ಪ್ರಶ್ನೆಗೆ ತಡವಾಗಿಯಾದರೂ ಒಂದು ಉತ್ತರ ದೊರೆಯಿತು. 2001ರಲ್ಲಿ ಕರ್ನಾಟಕ ಅರಣ್ಯ ಕಾಯಿದೆಗೆ ತಿದ್ದುಪಡಿ ತಂದು, ತನ್ನ ಜಮೀನಿನಲ್ಲಿರುವ ಗಂಧದ ಮರಕ್ಕೆ ರೈತನೇ ಒಡೆಯನೆಂದು ಒಪ್ಪಲಾಯಿತು. ಎರಡು ಶತಮಾನಗಳ ರಾಜವೃಕ್ಷ ಪ್ರಜೆಯ ಮರವಾಯಿತು. ಸಾಬೂನು ಕಾರ್ಖಾನೆಯೂ ರೈತರಿಗೆ ಸಸಿಗಳನ್ನು ಒದಗಿಸಿ, ಬೆಳೆದ ಮರವನ್ನು ತಾನೇ ಕೊಳ್ಳುವ ಭರವಸೆಯೊಡನೆ ಗಂಧ ಬೆಳೆಸುವ ಯೋಜನೆಯನ್ನು ಕೈಗೊಂಡಿತು. ಕೋಠಿಯ ಕಡೆಗೆ ಮಾತ್ರ ನೋಡುತ್ತಿದ್ದ ಕಾರ್ಖಾನೆ ಹೊಲದ ಕಡೆಗೆ ತಿರುಗಿತು.

ಅಷ್ಟರಲ್ಲಿ ಬೇರೆಯವರು ಸುಮ್ಮನೆ ಕುಳಿತಿರಲಿಲ್ಲ. ಪಶ್ಚಿಮ ಆಸ್ಟ್ರೇಲಿಯದ ಉತ್ತರ ಭಾಗದಲ್ಲಿರುವ ಕುನುನುರಾ ಎಂಬಲ್ಲಿ, ಆರ್ಡ್ ನದಿಯ ನೀರಾವರಿಯಲ್ಲಿ, ಭಾರತದ ಶ್ರೀಗಂಧವನ್ನೇ ಸಾವಿರಾರು ಹೆಕ್ಟೇರುಗಳಲ್ಲಿ ಸಾಲುಹಿಡಿದು ನೆಟ್ಟರು. 1914ರಲ್ಲಿ ಎಣ್ಣೆಯ ವಿದ್ಯೆ ಪರದೇಶದಲ್ಲಿತ್ತು, ಮರ ಇಲ್ಲಿತ್ತು. ನೂರು ವರ್ಷ ಕಳೆಯುವಷ್ಟರಲ್ಲಿ ವಿದ್ಯೆ ಇಲ್ಲಿ ನೆಲೆಸಿತು, ಮರ ಪರದೇಶದಲ್ಲಿ ಬೆಳೆಯತೊಡಗಿತು.

ರೈತನು ಒಡೆಯನಾದ ಮಾತ್ರಕ್ಕೆ ಅವನ ಕಷ್ಟ ಮುಗಿದಿಲ್ಲ. ಹದಿನೈದು ವರ್ಷವಾದರೂ ಕಾಯಬಲ್ಲವನು ಸಾಲವಿಲ್ಲದವನು. ಎರಡು ಎಕರೆಯ ರೈತನಿಗೆ ಈ ವರ್ಷದ ರಾಗಿಯೇ ಮುಖ್ಯ. ಚೇಗು ಕಟ್ಟಿತೆಂಬ ಸುಳಿವು ದೊರೆತ ರಾತ್ರಿಯೇ ಗರಗಸ ಬರಬಹುದು. ಬೆಂಗಳೂರಿನ ಹಳೆಯ ವಿದ್ಯಾಸಂಸ್ಥೆಗಳ ಆವರಣಗಳಲ್ಲಿ, ಕಾವಲುಗಾರರ ನಡುವೆಯೇ ಗಂಧದ ಮರಗಳು ಮಾಯವಾಗಿರುವಾಗ ಒಂಟಿ ಹೊಲದ ಮಾತೇನು? ಬೆಲೆ ಏರಿದಷ್ಟೂ ಕಾವಲಿನ ಖರ್ಚು ಏರುತ್ತದೆ. ಕೊಳ್ಳುವವನು ಬೆಲೆಯ ಜೊತೆಗೆ ಕಾಯುವ ಭಾರದಲ್ಲಿಯೂ ಪಾಲು ಹೊರುವನೇ ಎಂಬುದು ಇನ್ನೂ ಇತ್ಯರ್ಥವಾಗದ ವಿಷಯ. ಬೆಳೆಗಾರರ ಒಲವು ನಿಂತಿರುವುದು ಅದರ ಮೇಲೆಯೇ.

ಸಸ್ಯಕ್ಷೇತ್ರಗಳಲ್ಲಿ ಗಂಧದ ಸಸಿಯನ್ನು ಒಂಟಿಯಾಗಿ ಬೆಳೆಸುವುದಿಲ್ಲ. ಚೀಲದ ಮಣ್ಣಿನಲ್ಲಿ ಅದರ ಪಕ್ಕಕ್ಕೆ ತೊಗರಿಯನ್ನೋ ಹೊನಗೊನ್ನೆಯನ್ನೋ ಹಾಕಿರುತ್ತಾರೆ. ಹೊಲಕ್ಕೆ ಒಯ್ದ ಮೇಲೆ ತೊಗರಿ ಒಂದೆರಡು ವರ್ಷ ಜೊತೆಗಿರುತ್ತದೆ, ಕಾಯನ್ನೂ ಕೊಡುತ್ತದೆ. ಅದು ಮುಗಿಯುವ ಮೊದಲು ರೈತನು ಸ್ವಲ್ಪ ದೂರದಲ್ಲಿ ಹೊಂಗೆಯನ್ನೋ ಸರ್ವೆಯನ್ನೋ ನೆಟ್ಟು ಬೆಳೆಸಿಕೊಂಡಿರಬೇಕು. ಮುಂದಿನ ವರ್ಷಗಳಲ್ಲಿ ಗಂಧದ ಬೇರು ಹುಡುಕಿಕೊಂಡು ಹೋಗುವುದು ಅದನ್ನು.