ಗೋಡು, ಗರಸು ಮತ್ತು ಹದಿನಾರು ಎಂಎಂ ಕಂಬಿ

ಕಂದಿಕೆರೆಯಲ್ಲಿ ನಮ್ಮ ಮನೆ ಹಿಂದೆ ಹೊಸದಾಗಿ ಕಟ್ಟಿಸಿದ ಕೊಬ್ಬರಿ ಕೋಣೆ ಇದೆ. ಅದರ ಗೋಡೆಯಲ್ಲಿ ಒಂದು ಬಿರುಕು ಬಿಟ್ಟಿದೆ. ಕಿಟಕಿಯ ಮೂಲೆಯಿಂದ ಶುರುವಾಗಿ ಓರೆಯಾಗಿ ಮೇಲಕ್ಕೆ ಹೋಗುತ್ತೆ. ಬೇಸಿಗೆಯಲ್ಲಿ ಅದು ಅಗಲ ಆಗುತ್ತೆ, ಮಳೆಗಾಲದಲ್ಲಿ ಕಿರಿದಾಗುತ್ತೆ. ಆ ಬಿರುಕಿಗೆ ಕಾರಣ ನಾನು. ಇದನ್ನ ಇಲ್ಲಿವರೆಗೂ ಕ್ಲಾಸಲ್ಲಿ ಯಾರಿಗೂ ಹೇಳಿಲ್ಲ. ಸಿವಿಲ್ ಓದೋ ಹುಡುಗಿ ತನ್ನ ಮನೆಯ ಪಾಯವನ್ನೇ ಕೆಡಿಸಿದಳು ಅಂದ್ರೆ ಯಾರು ನಗಲ್ಲ ಹೇಳಿ?

ನಮ್ಮೂರು ಗೊತ್ತಿಲ್ಲದವರಿಗೆ: ಕಂದಿಕೆರೆ ಇರೋದು ತುಮಕೂರು ಜಿಲ್ಲೆ ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ. ಎತ್ತ ನೋಡಿದ್ರೂ ತೆಂಗು. ನಮ್ಮ ಕಡೆ ಎಳನೀರು ಮಾರೋದಕ್ಕಿಂತ ಕೊಬ್ಬರಿ ಮಾಡೋರೇ ಜಾಸ್ತಿ. ಬಲಿತ ಕಾಯಿಯನ್ನ ಸಿಪ್ಪೆ ಸಮೇತ ಅಟ್ಟದ ಮೇಲೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡ್ತಾರೆ. ಒಳಗಿನ ನೀರು ಆರಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದ್ರೆ ಒಳಗೆ ಗುಡುಗುಡು ಅನ್ನಬೇಕು. ಆಮೇಲೆ ಸುಲಿದು, ಉಂಡೆ ಕೊಬ್ಬರಿ ತೆಗೆದು ತಿಪಟೂರು ಮಾರ್ಕೆಟ್ಟಿಗೆ ಹಾಕ್ತಾರೆ. ನನ್ನ ಸ್ಕೂಲ್ ಫೀಸು, ಈಗ ಕಾಲೇಜು ಫೀಸು, ಎಲ್ಲಾ ಬಂದಿದ್ದು ಆ ಅಟ್ಟದಿಂದಲೇ.

ಹಳೇ ಅಟ್ಟಕ್ಕೆ ಗೆದ್ದಲು ಹಿಡಿದಿತ್ತು. ನಾನು ಫಸ್ಟ್ ಸೆಮಿಸ್ಟರಲ್ಲಿದ್ದಾಗ ಅಪ್ಪ ಹೊಸ ಕೋಣೆ ಕಟ್ಟಿಸೋಕೆ ಶುರು ಮಾಡಿದ್ರು. ನಾಲ್ಕು ಆರ್‌ಸಿಸಿ ಕಂಬ, ಮೇಲೆ ಬೀಮು, ಬೀಮಿನ ಮೇಲೆ ದಬ್ಬೆ ಹಾಸಿ ಅಟ್ಟ, ಸುತ್ತ ಸಿಮೆಂಟ್ ಬ್ಲಾಕ್ ಗೋಡೆ. ಕಾಯಿ ಒಂದಕ್ಕೆ ಒಂದು ಕಿಲೋ ಅಂತ ಇಟ್ಕೊಂಡ್ರೂ ಎಂಟು ಸಾವಿರ ಕಾಯಿಗೆ ಎಂಟು ಟನ್ ಆಯ್ತು. ಅದರ ಕೆಳಗೆ ನಮ್ಮಜ್ಜಿ ಕೂತು ಹುಣಸೆಹಣ್ಣು ಬಿಡಿಸ್ತಾರೆ. ಬೇಡ ಅಂದ್ರೆ ಕೇಳಲ್ಲ, ಅಲ್ಲಿ ತಂಪು ಅಂತಾರೆ.

ಪಾಯ ತೆಗೆದ ದಿನ ಸಂಜೆ ಅಪ್ಪ ಫೋನ್ ಮಾಡಿದ್ರು. ನಾನು ಹಾಸ್ಟೆಲ್ ಕಾರಿಡಾರಲ್ಲಿ ನಿಂತಿದ್ದೆ.

"ಮಗ, ಮೇಸ್ತ್ರಿ ಹಿಂದ್ಗಡೆ ಮೂಲೆ ಗುಂಡಿ ಇನ್ನೂ ಎರಡಡಿ ಇಳಿಸ್ಬೇಕು ಅಂತಾವ್ರೆ. ಅಲ್ಲಿ ಗೋಡು ಐತಂತೆ. ಮೂರಡಿ ಆಗ್ಲೇ ತೆಗ್ದೈತೆ, ಜೆಸಿಬಿನೂ ಹೊಂಟೋಯ್ತು. ಏನ್ ಮಾಡಾನ?"

ಗೋಡು ಅಂದ್ರೆ ಏನು ಅಂತ ನನಗೆ ಗೊತ್ತಿರಲಿಲ್ಲ. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ, ಬೆಳಿಗ್ಗೆ ಏಳಕ್ಕೆ ಸ್ಕೂಲ್ ಬಸ್ಸು, ಬರೋದು ಸಂಜೆ. ತೋಟದ ಮಾತು ನನ್ನ ಕಿವಿಗೆ ಬಿದ್ದಿದ್ದು ಕಡಿಮೆ. ಗೊತ್ತಿಲ್ಲ ಅಂತ ಹೇಳಬಹುದಿತ್ತು. ಹೇಳಲಿಲ್ಲ. ಆ ವಾರವಷ್ಟೇ ಕ್ಲಾಸಲ್ಲಿ ಫೌಂಡೇಶನ್ ಬಗ್ಗೆ ಒಂದು ಪಾಠ ಆಗಿತ್ತು. ಅದನ್ನೇ ಹಾಗೇ ಒಪ್ಪಿಸಿದೆ: "ಅಪ್ಪಾ, ಐಎಸ್ ಕೋಡ್ ಪ್ರಕಾರ ಮಿನಿಮಮ್ ಡೆಪ್ತ್ 50 ಸೆಂಟಿಮೀಟರ್ ಅಷ್ಟೇ. ಮೂರಡಿ ಮೋರ್ ದ್ಯಾನ್ ಎನಫ್. ಅಷ್ಟು ಡೌಟ್ ಇದ್ರೆ ಕಾಲಮ್ ರೀಇನ್‌ಫೋರ್ಸ್‌ಮೆಂಟ್ ಜಾಸ್ತಿ ಮಾಡಿ. 12 ಬದಲು 16 ಎಂಎಂ ಹಾಕ್ಸಿ."

ಫೋನ್ ಸ್ಪೀಕರಲ್ಲಿತ್ತು. ಮೇಸ್ತ್ರಿ ಮಾವ ಪಕ್ಕದಲ್ಲೇ ನಿಂತು ಕೇಳ್ತಿದ್ರು ಅಂತ ನನಗೆ ಗೊತ್ತಾಗಿದ್ದು ಆಮೇಲೆ. ಮಗಳು ಇಂಜಿನಿಯರಿಂಗ್ ಓದ್ತಾವ್ಳೆ ಅನ್ನೋ ಹೆಮ್ಮೆ ಅಪ್ಪನಿಗೆ. ಮಾರನೇ ದಿನವೇ ಹದಿನಾರರ ಕಂಬಿ ಬಂತು.

ಕಂಬಿಯ ತೂಕ ಲೆಕ್ಕ ಹಾಕೋಕೆ ಒಂದು ಸುಲಭದ ಸೂತ್ರ ಇದೆ. ವ್ಯಾಸದ ವರ್ಗವನ್ನ 162ರಿಂದ ಭಾಗಿಸಿದ್ರೆ ಮೀಟರಿಗೆ ಎಷ್ಟು ಕಿಲೋ ಅಂತ ಬರುತ್ತೆ. 12 ಎಂಎಂಗೆ 0.89, 16 ಎಂಎಂಗೆ 1.58. ಅಂದ್ರೆ ಹೆಚ್ಚುಕಡಿಮೆ ಮುಕ್ಕಾಲು ಪಾಲು ಜಾಸ್ತಿ ಉಕ್ಕು. ಇಷ್ಟು ಉಕ್ಕು ಅಲ್ಲಿ ಏನು ಕೆಲಸ ಮಾಡ್ತು? ಏನೂ ಇಲ್ಲ. ಕಾಂಕ್ರೀಟ್ ಒತ್ತಡ ತಡೆಯುತ್ತೆ, ಎಳೆತ ತಡೆಯಲ್ಲ. ಎಳೆತದಲ್ಲಿ ಅದರ ಶಕ್ತಿ ಒತ್ತಡದಲ್ಲಿರೋದರ ಸುಮಾರು ಹತ್ತನೇ ಒಂದು ಭಾಗ. ಆ ಕೊರತೆ ತುಂಬೋಕೆ ಕಂಬಿ ಬೇಕು. ಆದ್ರೆ ಕಂಬದೊಳಗೆ ಎಷ್ಟೇ ಕಂಬಿ ತುರುಕಿದ್ರೂ, ಕಂಬ ನಿಂತಿರೋ ನೆಲ ಕೆಳಗೆ ಹೋದ್ರೆ ಕಂಬವೂ ಅದರ ಜೊತೆಗೇ ಹೋಗುತ್ತೆ. ಬರೆದು ನೋಡಿದ್ರೆ ಇದು ಎಷ್ಟು ಸರಳ ಅನ್ಸುತ್ತೆ. ಆವತ್ತು ನನಗೆ ಹೊಳೀಲಿಲ್ಲ.

ಯುಗಾದಿಗೆ ಊರಿಗೆ ಹೋದಾಗ ಬಿರುಕು ಕಂಡಿತು. ಅಪ್ಪ ಒಂದು ಸಲ ಸಿಮೆಂಟ್ ಮೆತ್ತಿಸಿದ್ರಂತೆ. ಮತ್ತೆ ಅದೇ ಜಾಗದಲ್ಲಿ ಬಿಟ್ಟಿತ್ತು. ಪಕ್ಕದ ಮನೆಯವರು ವಾಸ್ತು ಸರಿ ಇಲ್ಲ ಅಂದ್ರು. ಅಜ್ಜಿ ಮೂಲೆಗೆ ನಿಂಬೆಹಣ್ಣು ಇಟ್ರು. ಅಪ್ಪ ನನ್ನ ಮುಖ ನೋಡಿದ್ರು, ಏನೂ ಅನ್ನಲಿಲ್ಲ. ಅವರು ಬೈದಿದ್ರೆ ಚೆನ್ನಾಗಿತ್ತು.

ಅವತ್ತು ಮಧ್ಯಾಹ್ನ ಅಜ್ಜಿಯನ್ನ ಕೇಳಿದೆ, ಗೋಡು ಅಂದ್ರೆ ಏನಜ್ಜಿ ಅಂತ. ಅವರಿಗೆ ನಗು. "ಕೆರೆ ಒಳಗಿನ ಮಣ್ಣು ಕಣೆ. ನೀರು ಬತ್ತಿದಾಗ ನಿಮ್ತಾತ ಗಾಡಿಲಿ ಹೊಡೆಸ್ತಿದ್ರು, ತೆಂಗಿನ ಬುಡಕ್ಕೆ. ಆ ಮೂಲೆ ತಗ್ಗಿತ್ತು. ಮಿಕ್ಕಿದ್ನೆಲ್ಲ ಅಲ್ಲೇ ಸುರಿದು ಮಟ್ಟ ಮಾಡಿದ್ರು." ಅಂದ್ರೆ ನಮ್ಮ ನಾಲ್ಕು ಕಂಬಗಳಲ್ಲಿ ಮೂರು ಗಟ್ಟಿ ಗರಸಿನ ಮೇಲೆ ನಿಂತಿವೆ, ನಾಲ್ಕನೆಯದು ತಾತ ಸುರಿಸಿದ ಕೆರೆಗೋಡಿನ ಮೇಲೆ. ಮೂರಡಿ ತೆಗೆದ ಮೇಲೂ ಕೆಳಗೆ ಇನ್ನೆರಡು ಅಡಿ ಗೋಡು ಉಳಿದಿತ್ತು. ಮೇಸ್ತ್ರಿ ಮಾವ ಕೇಳಿದ್ದು ಸರಿಯಾಗಿ ಆ ಎರಡಡಿಯನ್ನೇ.

ವಾಪಸ್ ಬರುವಾಗ ಎರಡು ಪ್ಲಾಸ್ಟಿಕ್ ಕವರಲ್ಲಿ ಮಣ್ಣು ತುಂಬಿಕೊಂಡು ಬಂದೆ. ಒಂದರಲ್ಲಿ ಗೋಡು, ಒಂದರಲ್ಲಿ ಗರಸು. ಸಾಯಿಲ್ ಮೆಕ್ಯಾನಿಕ್ಸ್ ನಮಗಿನ್ನೂ ಬಂದಿಲ್ಲ, ಆದ್ರೂ ಲ್ಯಾಬ್ ಸರ್ ಹತ್ರ ಹೋಗಿ ವಿಷಯ ಹೇಳಿದೆ. ಅವರು ನಗಲಿಲ್ಲ. "ಫ್ರೀ ಸ್ವೆಲ್ ಮಾಡು, ಒಂದು ದಿನದ ಕೆಲಸ" ಅಂದ್ರು.

ಬೇರೆ ಬ್ರಾಂಚಿನವರಿಗಾಗಿ ಹೇಳ್ತೀನಿ, ಇದಕ್ಕಿಂತ ಸರಳ ಟೆಸ್ಟ್ ಇಲ್ಲ. ಐಎಸ್ 2720, ಭಾಗ 40. ಒಣಗಿಸಿ 425 ಮೈಕ್ರಾನ್ ಜರಡಿಯಲ್ಲಿ ಜರಡಿ ಹಿಡಿದ ಮಣ್ಣು, ಹತ್ತತ್ತು ಗ್ರಾಮಿನ ಎರಡು ಪಾಲು. ನೂರು ಎಂಎಲ್‌ನ ಎರಡು ಗಾಜಿನ ಜಾಡಿ. ಒಂದಕ್ಕೆ ಡಿಸ್ಟಿಲ್ಡ್ ವಾಟರ್, ಇನ್ನೊಂದಕ್ಕೆ ಸೀಮೆಎಣ್ಣೆ. ಕಲಕಿ, ಗಾಳಿ ಹೋಗಿಸಿ, 24 ಗಂಟೆ ಸುಮ್ನೆ ಬಿಡೋದು. ಸೀಮೆಎಣ್ಣೆಯಲ್ಲಿ ಜೇಡಿ ಉಬ್ಬಲ್ಲ, ನೀರಲ್ಲಿ ಉಬ್ಬುತ್ತೆ. ಎರಡರ ವ್ಯತ್ಯಾಸವೇ ಮಣ್ಣಿನ ಗುಣ ಹೇಳುತ್ತೆ.

ಮಾರನೇ ದಿನ ಹೋಗಿ ನೋಡಿದ್ರೆ ಗರಸು ಸೀಮೆಎಣ್ಣೆಯಲ್ಲಿ 11, ನೀರಲ್ಲಿ 12. ಉಬ್ಬಿದ್ದು ಶೇಕಡ 9. ಗೋಡು ಸೀಮೆಎಣ್ಣೆಯಲ್ಲಿ 11, ನೀರಲ್ಲಿ 18. ಶೇಕಡ 64. ಐವತ್ತರೊಳಗಿದ್ರೆ ಚಿಂತೆ ಇಲ್ಲ, ಐವತ್ತರಿಂದ ನೂರು ಮಧ್ಯಮ, ಅದರ ಮೇಲೆ ಅಪಾಯ ಅಂತ ಲೆಕ್ಕ. ಒಂದೇ ಕೋಣೆಯ ಕೆಳಗೆ ಎರಡು ಥರದ ನೆಲ ಇದ್ದದ್ದು ಆ ಎರಡು ಜೊತೆ ಜಾಡಿಯಲ್ಲಿ ಕಣ್ಣಿಗೆ ಕಾಣ್ತಿತ್ತು. ಕ್ಯೂರಿಂಗ್ ನೀರು ಕುಡಿದು ಉಬ್ಬಿದ್ದ ಗೋಡು ಬೇಸಿಗೆಯಲ್ಲಿ ಆರಿ ಕುಗ್ಗಿತ್ತು, ಆ ಮೂಲೆ ಇಳಿದಿತ್ತು. ಸಾಲದ್ದಕ್ಕೆ ಗೋಡೆ ಪಕ್ಕದಲ್ಲೇ ಒಂದು ತೆಂಗಿನ ಮರ, ಅದರ ಗುಣಿಗೆ ಡ್ರಿಪ್ ನೀರು. ಒಮ್ಮೆ ಒದ್ದೆ, ಒಮ್ಮೆ ಒಣಗು. ಸರ್ ಇನ್ನೊಂದು ಮಾತು ಹೇಳಿಕೊಟ್ರು: ಇಂಥ ಓರೆ ಬಿರುಕು ಮೇಲೇರುತ್ತಾ ಯಾವ ಕಡೆ ವಾಲುತ್ತೋ, ಸಾಮಾನ್ಯವಾಗಿ ನೆಲ ಕುಸಿದಿರೋದು ಆ ಕಡೆಯೇ. ಫೋಟೋ ತೆಗೆದು ನೋಡಿದೆ. ನಮ್ಮನೆ ಬಿರುಕು ಸರಿಯಾಗಿ ಗೋಡಿನ ಮೂಲೆ ಕಡೆಗೇ ವಾಲಿತ್ತು.

ಕೋಡ್ ಸುಳ್ಳು ಹೇಳಿರಲಿಲ್ಲ. ಐಎಸ್ 1904ರಲ್ಲಿ 50 ಸೆಂಟಿಮೀಟರ್ ಅಂತ ಇರೋದು ನಿಜ. ಆದ್ರೆ ಉಬ್ಬಿ ಕುಗ್ಗುವ ಮಣ್ಣಾದ್ರೆ, ಮಳೆ ಬಿಸಿಲಿಗೆ ಬದಲಾಗೋ ಪದರ ದಾಟಿ ಪಾಯ ಕೆಳಗೆ ಹೋಗಬೇಕು ಅಂತ ಅದೇ ಕೋಡ್ ಹೇಳುತ್ತೆ. ನಾನು ಒಂದು ಸಾಲು ಓದಿ ಇನ್ನೊಂದನ್ನ ಬಿಟ್ಟಿದ್ದೆ.

ಆಮೇಲೆ ಲೈಬ್ರರಿಯಲ್ಲಿ ಕೂತು ಎರೆಮಣ್ಣಿನ ಬಗ್ಗೆ ಹುಡುಕೋಕೆ ಶುರು ಮಾಡಿದೆ. ಈ ಸಮಸ್ಯೆಗೆ ನಮ್ಮ ದೇಶದಲ್ಲೇ ದೊಡ್ಡ ಕೆಲಸ ಆಗಿದೆ. ರೂರ್ಕಿಯ ಸಿಬಿಆರ್‌ಐನವರು ಅಂಡರ್‌ರೀಮ್ಡ್ ಪೈಲ್ ಅಂತ ರೂಪಿಸಿದ್ರು. ನೆಲದೊಳಗೆ ಸುಮಾರು ಮೂರೂವರೆ ಮೀಟರ್ ಇಳಿಯೋ ಕಾಂಕ್ರೀಟ್ ಕಂಬ, ತುದಿಯಲ್ಲಿ ಗೆಡ್ಡೆ ಥರ ದಪ್ಪ. ಮೇಲಿನ ಮಣ್ಣು ಎಷ್ಟು ಉಬ್ಬಿದ್ರೂ ಆ ಗೆಡ್ಡೆ ಹಿಡಿದುಕೊಳ್ಳುತ್ತೆ. ಐಐಟಿ ಬಾಂಬೆಯ ಪ್ರೊಫೆಸರ್ ಆರ್. ಕೆ. ಕಟ್ಟಿ ಅವರದ್ದು ಇನ್ನೊಂದು ದಾರಿ. ಎರೆಮಣ್ಣಿನ ಮೇಲೆ ಉಬ್ಬದ, ಆದ್ರೆ ಅಂಟು ಇರೋ ಮಣ್ಣಿನ ಪದರ ಹಾಕಿ ಚೆನ್ನಾಗಿ ದಮ್ಮಸ್ ಮಾಡಿದ್ರೆ ಕೆಳಗಿನ ಉಬ್ಬರ ಹತೋಟಿಗೆ ಬರುತ್ತೆ ಅಂತ ಅವರು ತೋರಿಸಿದ್ರು. ಅದಕ್ಕೆ ಸಿಎನ್‌ಎಸ್ ಪದರ ಅಂತ ಹೆಸರು. ನಮ್ಮ ಕರ್ನಾಟಕದ ಮಲಪ್ರಭಾ ಕಾಲುವೆಗೆ ಎರೆಭೂಮಿಯಲ್ಲಿ ಇದನ್ನ ಬಳಸಿದ್ದಾರೆ. ಆ ಪದರಕ್ಕೆ ಹೊಂದೋ ಮಣ್ಣು ಯಾವುದು ಅಂತ ಓದ್ತಾ ಹೋದ್ರೆ, ಅಂಟಿರೋ ಗರಸು!

ಪೀಸಾ ಗೋಪುರದ ಕಥೆಯೂ ಸಿಕ್ತು. 1173ರಲ್ಲಿ ಕಟ್ಟೋಕೆ ಶುರು ಮಾಡಿದ ಗೋಪುರ ಮೆತ್ತನೆ ಮಣ್ಣಿನಿಂದ ದಕ್ಷಿಣಕ್ಕೆ ವಾಲಿತು. 1934ರಲ್ಲಿ ಪಾಯಕ್ಕೆ ಸಿಮೆಂಟ್ ತುಂಬಿಸಿ ಸರಿ ಮಾಡೋಕೆ ಹೋದ್ರೆ ಇನ್ನಷ್ಟು ವಾಲಿತು. ಕೊನೆಗೆ ಉತ್ತರದ ಕಡೆ ಕೆಳಗಿಂದ ಸ್ವಲ್ಪ ಸ್ವಲ್ಪ ಮಣ್ಣು ತೆಗೆದು ಹಿಡಿತಕ್ಕೆ ತಂದ್ರು. 2001ರಲ್ಲಿ ಮತ್ತೆ ಜನರಿಗೆ ತೆರೆದ್ರು. ಅಲ್ಲೂ ಕೆಲಸ ಆಗಿದ್ದು ಮಣ್ಣಿನಲ್ಲಿ.

ಗೌರಿ ಹಬ್ಬಕ್ಕೆ ಹೋದಾಗ ಮೇಸ್ತ್ರಿ ಮಾವನ ಮನೆಗೆ ಹೋದೆ. ಜಗಲಿ ಮೇಲೆ ಕೂತಿದ್ರು. ಫ್ರೀ ಸ್ವೆಲ್ ಜಾಡಿಗಳ ಫೋಟೋ ತೋರಿಸಿ, "ಮಾವ, ತಪ್ಪು ನಂದು. ನೀವು ಹೇಳಿದ್ದೇ ಸರಿ ಇತ್ತು" ಅಂದೆ.

ಅವರು ಫೋಟೋ ತುಂಬಾ ಹೊತ್ತು ನೋಡಿದ್ರು. "ಸೀಮೆಎಣ್ಣೇಲಿ ಉಬ್ಬಕಿಲ್ವಾ? ಗೊತ್ತಿರ್ಲಿಲ್ಲ ಕಣವ್ವ" ಅಂದ್ರು. ಆಮೇಲೆ, "ತಪ್ಪು ನಂದೂ ಐತೆ. ಗೋಡು ತೆಗ್ದು ಗರಸು ತುಂಬಿ ದಮ್ಮಸ್ ಹೊಡಿಬೇಕು ಅಂತ ನಮ್ಮಪ್ಪನ ಕಾಲದಿಂದ ಮಾಡ್ಕಂಡ್ ಬಂದಿರೋದು. ಅವತ್ತು ಫೋನಲ್ಲೇ ಹೇಳ್ಬೇಕಿತ್ತು. ನೀನು ಇಂಗ್ಲಿಷಲ್ಲಿ ಏನೇನೋ ಅಂದೆ. ಓದಿರೋಳು ಹೇಳ್ತಾವ್ಳೆ, ನಂಗೇನ್ ಗೊತ್ತು ಅಂತ ಸುಮ್ಕಾದೆ."

ಮನೆಗೆ ಬರೋ ದಾರಿಯಲ್ಲಿ ಅದೇ ಮಾತು ತಲೆಯಲ್ಲಿ ಕೊರೀತಾ ಇತ್ತು. ಗೊತ್ತಿದ್ದವರು ಗೊತ್ತಿಲ್ಲದವಳ ಮುಂದೆ ಸುಮ್ಮನಾಗಿದ್ದು ನನ್ನ ನಾಲ್ಕು ಇಂಗ್ಲಿಷ್ ಪದಕ್ಕೆ. ಮಿನಿಮಮ್ ಡೆಪ್ತ್ ಅನ್ನೋದನ್ನ ಕನ್ನಡದಲ್ಲಿ ಹೇಳೋಕೆ ಪ್ರಯತ್ನ ಮಾಡಿದ್ರೆ ಬಹುಶಃ ನಾನೇ ತಡವರಿಸ್ತಿದ್ದೆ, ಗೋಡು ಅಂದ್ರೇನು ಅಂತ ಕೇಳ್ತಿದ್ದೆ. ಅಲ್ಲಿಗೆ ಎಲ್ಲಾ ಸರಿ ಹೋಗ್ತಿತ್ತು. ಜೆಸಿಬಿಯ ಒಂದು ಗಂಟೆ ಬಾಡಿಗೆ ಸಾಕಿತ್ತು.

ಈಗ ಏನು ಮಾಡಿದ್ದೀವಿ ಅಂದ್ರೆ, ಮೊದಲು ಆ ಮೂಲೆ ಮೇಲಿನ ಕಾಯಿ ಇಳಿಸಿದ್ವಿ. ತೆಂಗಿನ ಮರದ ಡ್ರಿಪ್ಪನ್ನ ಗೋಡೆಯಿಂದ ಆಚೆ ಕಡೆಗೆ ಸರಿಸಿದ್ವಿ. ಸೂರಿನ ನೀರು ಪಾಯದ ಹತ್ರ ಬೀಳದ ಹಾಗೆ ಪೈಪ್ ಹಾಕಿಸಿದ್ವಿ. ಬಿರುಕಿನ ಎರಡೂ ಕಡೆ ಪೆನ್ಸಿಲ್ ಗೆರೆ ಎಳೆದು, ಅಪ್ಪ ತಿಂಗಳಿಗೊಮ್ಮೆ ಸ್ಕೇಲ್ ಇಟ್ಟು ಫೋಟೋ ಕಳಿಸ್ತಾರೆ. ಬೇಸಿಗೆಯಲ್ಲಿ 4 ಎಂಎಂ ಇದ್ದದ್ದು ಗೌರಿ ಹಬ್ಬಕ್ಕೆ ಒಂದೂವರೆ ಆಗಿತ್ತು, ಸಂಕ್ರಾಂತಿಗೆ ಮತ್ತೆ ಎರಡೂವರೆ. ಒಂದು ಪೂರ್ತಿ ವರ್ಷ ನೋಡದೆ ಸಿಮೆಂಟ್ ಮೆತ್ತಬೇಡಿ ಅಂತ ಸರ್ ಹೇಳಿದ್ದಾರೆ. ಬೇಸಿಗೆ ರಜೆಯಲ್ಲಿ ಒಬ್ಬ ಸ್ಟ್ರಕ್ಚರಲ್ ಇಂಜಿನಿಯರನ್ನ ಕರೆಸಿ ತೋರಿಸಬೇಕು. ಅವರು ಒಪ್ಪಿದ್ರೆ ಬೀಮಿಗೆ ಜ್ಯಾಕಿ ಕೊಟ್ಟು, ಆ ಕಂಬದ ಕೆಳಗಿನ ಗೋಡನ್ನ ತುಂಡು ತುಂಡಾಗಿ ತೆಗೆದು, ಗರಸು ಸಿಗೋವರೆಗೂ ಕಾಂಕ್ರೀಟ್ ತುಂಬಿಸೋದು. ಮೊದಲೇ ಮಾಡಿದ್ರೆ ಒಂದು ದಿನದ ಕೆಲಸ. ಈಗ ಖರ್ಚು ಎಷ್ಟೋ ಪಟ್ಟು ಜಾಸ್ತಿ, ಅದು ಮುಂದಿನ ಕೊಬ್ಬರಿ ದುಡ್ಡಲ್ಲೇ ಆಗಬೇಕು. ಅಜ್ಜಿಗೆ ಮಾತ್ರ ಅಲ್ಲಿ ಕೂರೋದು ಬಂದ್ ಮಾಡಿಸಿದ್ದೀವಿ. ನನ್ನ ಮೇಲೆ ಇನ್ನೂ ಸಿಟ್ಟಿದೆ.

ನೀವೂ ಊರಿಗೆ ಹೋದಾಗ ಮನೆ ಹಿಂದಿನ ಮಣ್ಣು ಒಂದು ಹಿಡಿ ತನ್ನಿ. ಲ್ಯಾಬಲ್ಲಿ ಜಾಡಿ ಇದೆ, ಸೀಮೆಎಣ್ಣೆ ಇದೆ. ಆ ಮಣ್ಣಿಗೆ ಊರಲ್ಲಿ ಏನಂತಾರೆ ಅಂತಲೂ ಕೇಳಿಕೊಂಡು ಬನ್ನಿ.

ಅಪ್ಪನಿಗೂ ಒಂದು ಮಾತು ಹೇಳಿದ್ದೀನಿ. ಇನ್ಮೇಲೆ ಕಟ್ಟೋ ಕೆಲಸದ ಬಗ್ಗೆ ಫೋನ್ ಮಾಡಿದ್ರೆ ಮೊದಲು ಮೇಸ್ತ್ರಿ ಮಾವನ ಕೈಗೆ ಕೊಡಿ, ಆಮೇಲೆ ನಾನು ಮಾತಾಡ್ತೀನಿ ಅಂತ.