ಯಲವಿಗಿಯ ಎರೆಯಲ್ಲಿ ಕಲಿತ ಪಾಠ

ಹುಬ್ಬಳ್ಳಿಯಿಂದ ಹಾವೇರಿಯ ಕಡೆಗೆ ಸಾಗುವ ರೈಲುಮಾರ್ಗದಲ್ಲಿ ಸಿಗುವ ಯಲವಿಗಿ ಸವಣೂರು ತಾಲ್ಲೂಕಿನ ಊರು. ಇಲ್ಲಿಯ ಎರೆಮಣ್ಣು ಬೇಸಿಗೆಯಲ್ಲಿ ಬಾಯ್ದೆರೆದು ಬಿರಿಯುತ್ತದೆ. ಮಳೆಗಾಲದಲ್ಲಿ ಹಿಡಿದ ಗಾಲಿಯನ್ನು ಬಿಡಲೊಲ್ಲದು. ಕೆಲವು ವರ್ಷಗಳ ಹಿಂದೆ ಶ್ರಾವಣದಲ್ಲಿ ನಾವು ಅಲ್ಲಿಯ ಬಂಧುಗಳ ಮನೆಗೆ ಹೋಗಿದ್ದೆವು. ಎರಡು ದಿನಗಳಿಂದ ಮಳೆ ಹಿಡಿದಿತ್ತು. ಹೊಲದ ಮನೆಯಲ್ಲಿದ್ದ ಹಿರಿಯ ತಾಯಿ ಜಾರಿ ಬಿದ್ದು ಕಾಲು ಮುರಿದುಕೊಂಡರೆಂಬ ಸುದ್ದಿ ಬಂದಿತು.

ಬಂಧುಗಳಲ್ಲಿ ಹಳೆಯದೊಂದು ಜೀಪು ಇತ್ತು. 1947ರಲ್ಲಿ ಮಹೀಂದ್ರಾದವರು ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿದ ಮೇಲೆ ನಮ್ಮ ನಾಡಿಗೆ ಪರಿಚಿತವಾದ ವಾಹನವಿದು. ನಾಲ್ಕೂ ಗಾಲಿ ಎಳೆಯುವ ಗಾಡಿಗೆ ಕೆಸರಿನ ಭಯವೇನು ಎಂದುಕೊಂಡು ನಾವೇ ನಡೆಸಿಕೊಂಡು ಹೋದೆವು. ಹೋಗುವಾಗ ಹೇಗೋ ಮುಟ್ಟಿದೆವು. ತಾಯಿಯವರನ್ನು ಹಿಂದೆ ಹಾಸಿಗೆಯ ಮೇಲೆ ಮಲಗಿಸಿಕೊಂಡು ಮರಳುವಾಗ, ನಡುದಾರಿಯಲ್ಲಿ ಹಿಂದಿನ ಗಾಲಿಗಳು ಹೂತವು. ನಾಲ್ಕು ಗಾಲಿಯ ಲಿವರನ್ನು ಎಳೆದೆವು. ಆದರೂ ಹಿಂದಿನವೇ ಗಿರ್ರನೆ ತಿರುಗಿದವು, ಮುಂದಿನವು ಅಲುಗಲಿಲ್ಲ. ತಾಯಿಯವರ ನರಳಾಟ ಕೇಳಲಾಗುತ್ತಿರಲಿಲ್ಲ.

ಅಷ್ಟರಲ್ಲಿ ತಲೆಯ ಮೇಲೆ ಗೋಣಿತಟ್ಟು ಹೊದ್ದು ಬಂದ ಹಿರಿಯರೊಬ್ಬರು ಗಾಡಿಯನ್ನು ನೋಡಿ, “ತಮ್ಮಾ, ಒಳಗಿನ ಲಿವರ್ ಎಳದ್ರ ಸಾಲೂದಿಲ್ಲ. ಮುಂದಿನ ಗಾಲಿ ಜೋಡಿಸೀರೇನು?” ಎಂದರು. ನಾವು ಮೌನವಾದೆವು. ಅವರು ಕೆಸರಿನಲ್ಲಿ ಮೊಣಕಾಲೂರಿ, ಗಾಲಿಯ ನಡುವಿನ ಬಿಲ್ಲೆಯನ್ನು ಒರೆಸಿ ತಿರುಗಿಸಿದರು. ಮತ್ತೊಂದು ಬದಿಗೂ ಹೋಗಿ ಹಾಗೆಯೇ ಮಾಡಿದರು. ಈ ಸಲ ಜೀಪು ಮುಂದಿನ ಗಾಲಿಗಳಿಂದಲೂ ನೆಲವನ್ನು ಹಿಡಿದು ಮೇಲೆದ್ದಿತು.

ಆ ಬಿಲ್ಲೆಯಿರುವ ಭಾಗವೇ ಲಾಕಿಂಗ್ ಹಬ್. ಅಮೆರಿಕದಲ್ಲಿ ಆರ್ಥರ್ ವಾರ್ನ್ ಎಂಬುವರು 1948ರಲ್ಲಿ ಸ್ಥಾಪಿಸಿದ ಸಂಸ್ಥೆ, ಯುದ್ಧ ಮುಗಿದ ಮೇಲೆ ಉಳಿದ ಜೀಪುಗಳಿಗೆಂದು ಇಂಥವನ್ನು ತಯಾರಿಸಿ ಹೆಸರಾಯಿತು. ಡಾಂಬರು ರಸ್ತೆಯಲ್ಲಿ ಹಿಂದಿನ ಗಾಲಿಗಳಷ್ಟೇ ಎಳೆಯುವಾಗಲೂ, ಹಬ್ ಜೋಡಿಸಿಯೇ ಇದ್ದರೆ ಮುಂದಿನ ಗಾಲಿಗಳು ತಮ್ಮೊಡನೆ ಅಚ್ಚು, ಹಲ್ಲುಚಕ್ರ, ಪ್ರೊಪೆಲ್ಲರ್ ಶಾಫ್ಟುಗಳನ್ನು ವೃಥಾ ತಿರುಗಿಸುತ್ತವೆ. ಹಬ್ ಬಿಡಿಸಿದರೆ ಅವು ಸುಮ್ಮನಿರುತ್ತವೆ, ಸವೆತವೂ ಸದ್ದೂ ತಗ್ಗುತ್ತವೆ. ಆದರೆ ಕೆಸರಿಗಿಳಿಯುವ ಮುನ್ನ ಎರಡನ್ನೂ ಜೋಡಿಸಲೇಬೇಕು. ಒಂದನ್ನು ಮಾತ್ರ ಜೋಡಿಸಿದರೆ ಡಿಫರೆನ್ಷಿಯಲ್‌ನಲ್ಲಿ ಶಕ್ತಿಯು ಸಡಿಲವಿದ್ದ ಬದಿಗೇ ಹರಿದುಹೋಗುವುದು. ಜೋಡಿಸಿದ ಗಾಲಿಯೂ ಎಳೆಯದು.

ಡಾಂಬರು ರಸ್ತೆ ಸಿಕ್ಕೊಡನೆ ಲಿವರನ್ನು ಹಿಂದಕ್ಕೆ ಹಾಕಿರೆಂದು ಆ ಹಿರಿಯರು ಎಚ್ಚರಿಸಿದ್ದರು. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಕ್ರಮಿಸುತ್ತವೆ. ಕೆಸರಿನಲ್ಲಾದರೆ ಗಾಲಿ ಜಾರಿ ಆ ಅಂತರ ಸರಿಹೋಗುವುದು. ಗಟ್ಟಿ ರಸ್ತೆಯಲ್ಲಿ ಎಳೆತವೆಲ್ಲ ಶಾಫ್ಟುಗಳ ಮೇಲೆ ಬೀಳುವುದು.

ತಾಯಿಯವರು ಅಂದೇ ಸವಣೂರಿನ ಆಸ್ಪತ್ರೆ ಸೇರಿದರು. ದೀಪಾವಳಿಯ ಹೊತ್ತಿಗೆ ಕೋಲೂರಿ ಅಂಗಳಕ್ಕೆ ಬಂದರು. ಹೆಸರನ್ನೂ ಹೇಳದೆ ಮಳೆಯಲ್ಲೇ ನಡೆದುಹೋದ ಆ ಹಿರಿಯರನ್ನು ನಾವು ಮತ್ತೆ ಕಾಣಲಿಲ್ಲ. ಈಗ ಆ ಮನೆಯಲ್ಲಿ ತಿಂಗಳಿಗೊಮ್ಮೆ ಹಬ್‌ಗಳನ್ನು ಜೋಡಿಸಿ ಸ್ವಲ್ಪ ದೂರ ಗಾಡಿ ಓಡಿಸುತ್ತಾರೆ. ಸುಮ್ಮನಿದ್ದ ಭಾಗಗಳಿಗೆಲ್ಲ ಎಣ್ಣೆ ಹರಿಯಲೆಂದು. ಮನೆಯ ಹೆಣ್ಣುಮಕ್ಕಳಿಗೂ ಆ ಬಿಲ್ಲೆಯನ್ನು ತಿರುಗಿಸಲು ಕಲಿಸಿದ್ದಾರೆ. ಇಂಥ ಗಾಡಿಯುಳ್ಳ ಮನೆಗಳವರು ಮಳೆಗಾಲಕ್ಕೆ ಮುನ್ನ ಅದನ್ನೊಮ್ಮೆ ತಿರುಗಿಸಿ ನೋಡಲಿ.